ಐದನೇ ಬಿಡಾರ

ಹೋದ ವಾರ ಬೈಲಹೊಂಗಲದ ಪೇಟೆಯಲ್ಲಿ ತಾಡಪತ್ರಿ ಕೊಳ್ಳಲು ನಿಂತಿದ್ದೆ. ನಮ್ಮ ಶಾಲೆಯ ಅಡುಗೆ ಕೋಣೆ ಸೋರುತ್ತದೆ, ಅದರ ಮೇಲೆ ಹೊದಿಸಲು ಬೇಕಾಗಿತ್ತು. ಅಂಗಡಿಯವರು ಬಿಸಿಲಿನಲ್ಲಿ ಒಟ್ಟಿದ್ದ ರಾಶಿಯಿಂದ ಒಂದನ್ನು ಎಳೆದು, ಕೊಡವಿ, ನನ್ನ ಮುಂದೆ ಹರವಿದರು. ಕಾದ ತಾಡಪತ್ರಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಿವಿ ಬಿಸಿಯಾದವು.

"ಯಾಕ್ರಿ, ಬ್ಯಾಡೇನಿದು? ಗಟ್ಟಿ ಐತ್ರಿ, ಎರಡು ಮಳಿಗಾಲಕ್ಕ ಏನೂ ಆಗೂದಿಲ್ಲ" ಎಂದರು ಅವರು.

ತಾಡಪತ್ರಿಯದೇನೂ ತಪ್ಪಿರಲಿಲ್ಲ. ಅಂಥದೇ ವಾಸನೆಯ ಕೆಳಗೆ ನಾನು ಒಂದು ಚಳಿಗಾಲದಲ್ಲಿ ಕೆಲವು ದಿನ ಕಳೆದಿದ್ದೆ, ಸವದತ್ತಿಯ ಎಲ್ಲಮ್ಮನ ಗುಡ್ಡದ ಮೇಲೆ, ಬಿಡಾರ ಹೂಡಿದ ಸಾವಿರಾರು ಸಂಸಾರಗಳ ನಡುವೆ. ಆ ದಿನಗಳು ನೆನಪಾದರೆ ಇಂದಿಗೂ ಯಾರೋ ನನ್ನನ್ನು ತರಗತಿಯ ಮುಂದೆ ಬೆಂಚಿನ ಮೇಲೆ ನಿಲ್ಲಿಸಿದಂತಾಗುತ್ತದೆ. ಹುಡುಗರನ್ನು ಹಾಗೆ ನಿಲ್ಲಿಸುವುದನ್ನು ನಾನು ಆ ವರ್ಷದಿಂದ ಬಿಟ್ಟಿದ್ದೇನೆ.

ನನ್ನ ತವರು ರಾಮದುರ್ಗ. ಬೈಲಹೊಂಗಲಕ್ಕೆ ಸೊಸೆಯಾಗಿ ಬಂದೆ. ನಮ್ಮ ಮನೆಯವರದು ಬೀಜ, ಗೊಬ್ಬರದ ಅಂಗಡಿ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ತಪ್ಪು ಕಂಡರೆ ಕೆಂಪು ಗೆರೆ ಎಳೆಯುವವರೆಗೆ ನನಗೆ ಸಮಾಧಾನವಿಲ್ಲ. ಮದುವೆಯ ಕರೆಯೋಲೆಯಲ್ಲಿ ಕಾಗುಣಿತ ತಪ್ಪಿದ್ದರೂ ಪೆನ್ನು ಹುಡುಕುವವಳು ನಾನು. ಇಂಥ ನನಗೆ ಮಗಳು ಹುಟ್ಟಿದ ಮೇಲೆ ಏನೋ ಆಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನ ಮಡಿಲಲ್ಲಿದ್ದದ್ದು ಹೆಗ್ಗಣವಲ್ಲ, ಬೆಣ್ಣೆಯಂಥ ಕೂಸು. ಆದರೂ ಅದು ಅತ್ತರೆ ನಾನು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದೆ. ಎತ್ತಿಕೊಳ್ಳಲು ಕೈ ಏಳುತ್ತಿರಲಿಲ್ಲ. ಯಾರಾದರೂ ತಂದು ಪಕ್ಕದಲ್ಲಿ ಮಲಗಿಸಿದರೆ ಮೈಯೆಲ್ಲ ಬೆವರುತ್ತಿತ್ತು. ನೆರೆಯವರು ಗಾಳಿ ಬಡಿದಿದೆ ಎಂದರು. ಧಾರವಾಡದ ಡಾಕ್ಟರು ಇದು ಬಾಣಂತಿಯರಿಗೆ ಬರುವ ಮನಸ್ಸಿನ ಜಡ್ಡು, ಗುಣವಾಗುತ್ತದೆ ಎಂದು ಗುಳಿಗೆ ಕೊಟ್ಟರು. ಗುಣವೂ ಆಯಿತು, ನಿಧಾನವಾಗಿ. ಮರಳಿ ಶಾಲೆಗೆ ಹೋದೆ, ಉಂಡೆ, ನಕ್ಕೆ, ಮಕ್ಕಳಿಗೆ ಬೀಜಗಣಿತ ಕಲಿಸಿದೆ. ಅಷ್ಟರಲ್ಲಿ ಕೂಸು ನಮ್ಮತ್ತೆಯದಾಗಿತ್ತು.

ಅತ್ತೆಯ ಹೆಸರು ಗೌರವ್ವ. ಮುರಗೋಡದ ತವರಿನವರು, ಎತ್ತರದ ಆಳು, ಮಾತು ಕಡಿಮೆ. ಸಾನ್ವಿಯನ್ನು ಎರೆದು, ಉಣಿಸಿ, ತಮ್ಮ ಕೌದಿಯಲ್ಲೇ ಮಲಗಿಸಿಕೊಂಡು ಬೆಳೆಸಿದವರು ಅವರು. ನಮ್ಮ ಮನೆಯವರು ಅವರನ್ನು "ಅವ್ವ" ಎಂದು ಕರೆಯುತ್ತಾರೆ. ಮಗಳೂ ಅದನ್ನೇ ಕೇಳಿ "ಅವ್ವ" ಎಂದಳು. ನನ್ನ ಬಳಿ ಸಂಜೆ ಪಾಠಕ್ಕೆ ಬರುವ ಹುಡುಗರು "ಟೀಚರ್" ಅನ್ನುತ್ತಿದ್ದರು. ಮಗಳು ನನ್ನನ್ನು ಹಾಗೆಯೇ ಕರೆದಳು. ಮೊದಮೊದಲು ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಯಾರೂ ನಗಲಿಲ್ಲ. ಮೂರು ವರ್ಷ ತುಂಬುವ ಹೊತ್ತಿಗೂ ಅವಳು ಬಾಗಿಲಲ್ಲಿ ನಿಂತು "ಟೀಚರ್, ಅವ್ವ ಎಲ್ಲಿ?" ಎಂದು ಕೇಳುತ್ತಿದ್ದಳು, ನಾನು "ಹಿತ್ತಲದಾಗ ಅದಾರ" ಎಂದು ಹೇಳುತ್ತಿದ್ದೆ. ಊರಿನ ತಪ್ಪನ್ನೆಲ್ಲ ತಿದ್ದುವ ನನಗೆ ಇದೊಂದನ್ನು ತಿದ್ದುವ ಬಾಯಿ ಇರಲಿಲ್ಲ. ಅವ್ವ ಅನ್ನು ಎಂದು ಯಾವ ಮುಖದಿಂದ ಹೇಳಲಿ?

ಆ ವರ್ಷ ದೀಪಾವಳಿ ಮುಗಿದ ಮೇಲೆ ಅತ್ತೆ ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿದರು.

"ರೇಖಾ, ನಿನಗ ಜಡ್ಡ ಇದ್ದಾಗ ನಾ ಒಂದು ಹರಕಿ ಹೊತ್ತೇನಿ. ನನ್ನ ಸೊಸಿ ಮೊದಲಿನ್ಹಂಗ ಆದರ ಗುಡ್ಡದಾಗ ಅಕಿ ಕೈಲೇ ಐದು ಬಿಡಾರ ಜೋಗ ಬೇಡಸ್ತೇನಿ ಅಂತ. ಬನದ ಹುಣ್ಣಿವಿಗೆ ಹೋಗೂಣು."

ಜೋಗ ಬೇಡುವುದೆಂದರೆ ಎಲ್ಲಮ್ಮನ ಹೆಸರಿನಲ್ಲಿ ಪುಟ್ಟಿ ಹಿಡಿದು ಭಿಕ್ಷೆ ಕೇಳುವುದು. ನಮ್ಮ ಕಡೆ ಹತ್ತೂರಲ್ಲಿ ಹೊಲ ಇದ್ದವರೂ ಹರಕೆಗಾಗಿ ಬೇಡುತ್ತಾರೆ, ಅದರಲ್ಲಿ ಅವಮಾನವಿಲ್ಲ. ಅದು ನನಗೂ ಗೊತ್ತಿತ್ತು. ಆದರೆ ಗುಡ್ಡಕ್ಕೆ ನಮ್ಮ ತಾಲೂಕೇ ಬಂದಿರುತ್ತದೆ, ಅದರಲ್ಲಿ ನನ್ನ ವಿದ್ಯಾರ್ಥಿಗಳ ತಾಯಂದಿರು ಎಷ್ಟು ಮಂದಿಯೋ. ಪುಟ್ಟಿಗೆ ಹಿಟ್ಟು ಹಾಕುವವರು ಸುಮ್ಮನೆ ಹಾಕುವುದಿಲ್ಲ, ಯಾವ ಊರು, ಯಾರ ಮನೆ, ಯಾಕೆ ಹರಕೆ ಎಂದು ಕೇಳಿಯೇ ಹಾಕುತ್ತಾರೆ. ನನ್ನ ಕೂಸನ್ನು ನಾನು ಮುಟ್ಟಲಿಲ್ಲ ಎಂದು ಐದು ಬಿಡಾರದ ಮುಂದೆ ನಿಂತು ಹೇಳಬೇಕೇ? ಇದು ಹರಕೆಯಲ್ಲ, ಅತ್ತೆ ನನಗೆ ಹಾಕಿದ ದಂಡ ಎಂದು ಮನಸ್ಸಿನಲ್ಲೇ ಕುದಿದೆ. ಬಾಯಲ್ಲಿ "ಹೂಂ ರಿ" ಎಂದೆ. ಸೊಸೆಯ ಸಿಟ್ಟು ಪಾತ್ರೆಯ ಮೇಲೆ ಅನ್ನುವ ಹಾಗೆ ಅವತ್ತು ಎರಡು ಲೋಟ ನೆಗ್ಗಿದವು.

ಪುಷ್ಯ ಮಾಸದ ಆ ಹುಣ್ಣಿಮೆಯ ಮುಂಚಿನ ದಿನ ಮೌಲಾಸಾಬರ ಕ್ರೂಸರ್ ಗಾಡಿಯಲ್ಲಿ ಹೊರಟೆವು. ಮೌಲಾಸಾಬರು ಅಂಗಡಿಯ ಗೊಬ್ಬರ ಹೇರುವ ಹಳೆಯ ಚಾಲಕರು. ಗುಡ್ಡದಲ್ಲಿ ಎಲ್ಲಿ ನೆರಳು ಬೀಳುತ್ತದೆ, ಎಲ್ಲಿ ನೀರಿನ ಟ್ಯಾಂಕರ್ ನಿಲ್ಲುತ್ತದೆ ಎಂಬುದು ಅವರಿಗೆ ಬಾಯಿಪಾಠ. ಒಂದು ಬೇವಿನ ಗಿಡದ ಬಳಿ ಗಾಡಿ ನಿಲ್ಲಿಸಿ, ಗಾಡಿಗೂ ಗಿಡಕ್ಕೂ ತಾಡಪತ್ರಿ ಕಟ್ಟಿಕೊಟ್ಟರು. ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಎಡಕ್ಕೆ ಟ್ರ್ಯಾಕ್ಟರು, ಬಲಕ್ಕೆ ಲಾರಿ, ಹಿಂದೆ ಎತ್ತಿನ ಗಾಡಿ. ಕಣ್ಣು ಹಾಯ್ದಷ್ಟು ಬಿಡಾರ, ಹೊಗೆ, ಒಣ ಹಾಕಿದ ಸೀರೆ. ಬೆಳಗಿನ ಗಾಳಿಗೆ ಹಲ್ಲು ಕಟಕಟ ಅನ್ನುವಷ್ಟು ಚಳಿ, ಮಧ್ಯಾಹ್ನ ತಲೆ ಸುಡುವ ಬಿಸಿಲು. ನೀರಿಗೆ ಪಾಳಿ, ಹಿಟ್ಟಿನ ಗಿರಣಿಗೆ ಪಾಳಿ. ಒಬ್ಬರ ಬಿಡಾರದ ಹಾಡು ಇನ್ನೊಬ್ಬರ ಜಗಳದಲ್ಲಿ ಕೂಡಿಕೊಳ್ಳುತ್ತಿತ್ತು. ನಡುನಡುವೆ ಎಲ್ಲಿಂದಲೋ "ಉಧೋ ಉಧೋ" ಎಂಬ ದೇವಿಯ ಜೈಕಾರ ಎದ್ದು ಗುಡ್ಡದ ಆ ತುದಿಯವರೆಗೆ ಹಾಯುತ್ತಿತ್ತು.

ಅಲ್ಲಿ ಗೋಡೆಯಿಲ್ಲ, ಆದ್ದರಿಂದ ಗುಟ್ಟೂ ಇಲ್ಲ. ಪಕ್ಕದ ಬಿಡಾರದ ಹೆಂಗಸು ಖಾರದ ಪುಡಿ ಕೇಳಲು ಬಂದವಳು ಅರ್ಧ ತಾಸು ಕೂತಳು. ಸಾನ್ವಿ ಅತ್ತೆಯ ತೊಡೆಯ ಮೇಲೆ ಕೂತು ಹೋಳಿಗೆ ತಿನ್ನುತ್ತಿದ್ದಳು.

"ಅವ್ವಾ ಅವ್ವಾ ಅಂತೈತಲ್ಲ, ಕೂಸು ನಿಮ್ಮದೇನ್ರಿ ಆಯಿ?" ಎಂದು ಕೇಳಿ ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ.

"ಮನ್ಯಾಂದು" ಎಂದರು ಅತ್ತೆ. ನಾನು ಒಲೆಯ ಹೊಗೆ ಕಣ್ಣಿಗೆ ಬಡಿದವಳಂತೆ ಮುಖ ತಿರುಗಿಸಿದೆ.

ಮರುದಿನ ಜೋಗುಳಬಾವಿಯಲ್ಲಿ ಮಿಂದು ಬಂದ ಮೇಲೆ ಅತ್ತೆ ನನಗೆ ಹಸಿರು ಸೀರೆ ಉಡಿಸಿ, ಹಣೆಗೆ, ಗಲ್ಲಕ್ಕೆ ಭಂಡಾರ ಬಳಿದರು. ಅದು ಅರಿಸಿನದ ಪುಡಿ; ಅದನ್ನು ಮೆತ್ತಿಕೊಂಡರೆ ಮುಖದ ಗುರುತೇ ಹತ್ತುವುದಿಲ್ಲ. ನನಗೆ ಅಷ್ಟೇ ಸಮಾಧಾನ. ಚಪ್ಪಲಿ ಬಿಡಿಸಿದರು, ಮೊಬೈಲನ್ನೂ ತೆಗೆದಿರಿಸಿದರು. ಕೈಗೆ ಹಡ್ಡಲಗಿ ಎನ್ನುವ ಬಿದಿರಿನ ಪುಟ್ಟಿ ಕೊಟ್ಟರು.

"ಕೇಳಿದವರಿಗೆ ಇದ್ದದ್ದು ಹೇಳು. ಸುಳ್ಳ ಹೇಳಿ ಬೇಡಬಾರದು" ಎಂದರು. ತಾವು ಕೂಸಿನೊಂದಿಗೆ ಬಿಡಾರದಲ್ಲೇ ಉಳಿದರು. ನಮ್ಮ ಮನೆಯವರು ದೇವಿಯ ದರ್ಶನದ ಪಾಳಿಯಲ್ಲಿ ನಿಂತಿದ್ದರು.

ಮೊದಲ ಬಿಡಾರ ಎಂ.ಕೆ. ಹುಬ್ಬಳ್ಳಿಯ ಕಡೆಯವರದು. ಕಬ್ಬು ಸಾಗಿಸುವ ಟ್ರೇಲರನ್ನೇ ಮನೆ ಮಾಡಿಕೊಂಡಿದ್ದರು. ಅಜ್ಜಿಯೊಬ್ಬಳು ಬೊಗಸೆ ತುಂಬ ಜೋಳದ ಹಿಟ್ಟು ಹಿಡಿದುಕೊಂಡೇ "ಯಾಕ ಹರಕಿ ಯವ್ವಾ?" ಎಂದಳು. "ಮಂಡಿನೋವು ರಿ" ಎಂದುಬಿಟ್ಟೆ. ನಾಲಿಗೆಗೆ ಅದೇ ಬಂತು. ಅಜ್ಜಿ ಹಿಟ್ಟು ಹಾಕಿದ್ದಲ್ಲದೆ ನನ್ನನ್ನು ಕೂರಿಸಿ, ಯಾವ ಎಣ್ಣೆಗೆ ಯಾವ ಸೊಪ್ಪು ಹಾಕಿ ಕಾಯಿಸಬೇಕು ಎಂದು ಹೇಳಿ, ಮಂಡಿಯನ್ನೂ ಒತ್ತಿ ನೋಡಿದಳು. ಎರಡನೆಯವರಿಗೆ ನೌಕರಿಯಲ್ಲಿ ಬಡ್ತಿ ಸಿಕ್ಕಿತು ಎಂದೆ. "ಹೌದೇನ್ರಿ? ಹಂಗಾದ್ರ ಪೇಢೆ ನೀವ ಕೊಡಬೇಕಲ್ರಿ ನಮಗ" ಎಂದು ಅವರು ನಕ್ಕು ಅಕ್ಕಿ ಹಾಕಿದರು. ಮೂರನೆಯ ಬಿಡಾರದಲ್ಲಿ ಬೆಲ್ಲ, ಕಿತ್ತೂರು ಕಡೆಯ ದಂಪತಿಯ ನಾಲ್ಕನೆಯದರಲ್ಲಿ ಒಣಕೊಬ್ಬರಿ. ಅಲ್ಲಿ ಏನು ಹೇಳಿದೆನೋ ಈಗ ನೆನಪಿಲ್ಲ, ನಿಜವನ್ನಂತೂ ಹೇಳಲಿಲ್ಲ. ಪುಟ್ಟಿ ಭಾರವಾಗುತ್ತ ಹೋದಂತೆ ನನ್ನ ತಲೆ ತಗ್ಗುತ್ತ ಹೋಯಿತು. ಹಿಟ್ಟು ಹಾಕಿ ಕೈ ಮುಗಿಯುತ್ತಿದ್ದರಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು.

ಐದನೆಯದಕ್ಕೆ ಯಾವ ಬಿಡಾರಕ್ಕೆ ಹೋಗಲಿ ಎಂದು ನೋಡುತ್ತಿದ್ದಾಗ ಧ್ವನಿವರ್ಧಕದಲ್ಲಿ ಹೆಂಗಸಿನ ದನಿ ಕೇಳಿಸಿತು. ಹಳದಿ ಫ್ರಾಕಿನ ಹೆಣ್ಣುಕೂಸು ಸಿಕ್ಕಿದೆ, ಹೆಸರು ಸಾನ್ವಿ ಅನ್ನುತ್ತಿದೆ, ತಾಯಿಯ ಹೆಸರು ಗೌರವ್ವ ಅನ್ನುತ್ತಿದೆ, ತಾಯಿ ಗೌರವ್ವ ಎಲ್ಲಿದ್ದರೂ ಪೊಲೀಸ್ ಚೌಕಿಯ ಹತ್ತಿರ ಬರಬೇಕು.

ಅತ್ತೆ ನೀರು ತುಂಬುವಷ್ಟರಲ್ಲಿ ಕೂಸು ಬಳೆ ಅಂಗಡಿಗಳ ಕಡೆ ನಡೆದುಬಿಟ್ಟಿತ್ತೆಂದು ಆಮೇಲೆ ಗೊತ್ತಾಯಿತು. ಆಗ ನನಗೆ ಏನೂ ಗೊತ್ತಿಲ್ಲ. ಪುಟ್ಟಿ ಹಿಡಿದುಕೊಂಡೇ ಓಡಿದೆ. ಬರಿಗಾಲಿಗೆ ಕಲ್ಲು ಚುಚ್ಚಿದ್ದೂ ಅರಿವಾಗಲಿಲ್ಲ. ಚೌಕಿಯ ಮುಂದೆ ಮಂದಿ ಸೇರಿದ್ದರು. ಮೇಜಿನ ಮೇಲೆ ಸಾನ್ವಿ, ಕೈಯಲ್ಲಿ ಯಾರೋ ಕೊಟ್ಟ ಬಿಸ್ಕಿಟು, ಗಲ್ಲದ ಮೇಲೆ ಒಣಗಿದ ಕಣ್ಣೀರು. ಪಕ್ಕದಲ್ಲಿ ಮಹಿಳಾ ಪೊಲೀಸ್ ಒಬ್ಬಳಿದ್ದಳು.

"ನನ್ನ ಮಗಳ ರಿ ಅಕಿ" ಎಂದು ಕೈ ಚಾಚಿದೆ. ಸಾನ್ವಿ ಹಿಂದೆ ಸರಿದು ಪೊಲೀಸಿನವಳ ತೋಳು ಹಿಡಿದಳು.

"ನೀವು ಗೌರವ್ವನೇನ್ರಿ?"

"ಅಲ್ರಿ. ಗೌರವ್ವ ನಮ್ಮತ್ತಿ. ನಾ ತಾಯಿ."

ಪೊಲೀಸಿನವಳು ನನ್ನ ಬರಿಗಾಲು, ಭಂಡಾರ ಮೆತ್ತಿದ ಮುಖ, ಕೈಯಲ್ಲಿದ್ದ ಭಿಕ್ಷೆಯ ಪುಟ್ಟಿ, ಎಲ್ಲವನ್ನೂ ನೋಡಿದಳು. ಆಮೇಲೆ ಕೂಸಿನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು: "ತಂಗಿ, ಇವರು ನಿಮ್ಮವ್ವ ಏನವಾ?"

ಸಾನ್ವಿ ನನ್ನನ್ನೇ ದಿಟ್ಟಿಸಿದಳು. ಅರಿಸಿನದ ಹಿಂದಿನ ಮುಖ ಅವಳಿಗೆ ಆಗ ಗುರುತು ಹತ್ತಿತು. ಸ್ಪಷ್ಟವಾಗಿ, ಶಾಲೆಯಲ್ಲಿ ಉತ್ತರ ಹೇಳುವ ಜಾಣೆಯ ಹಾಗೆ, ಹೇಳಿದಳು: "ಅಲ್ಲ. ಟೀಚರ್."

ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಆವತ್ತು ಆಯಿತು.

ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳುಸುದ್ದಿ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಹಿಂದಿನಿಂದ ಒಬ್ಬ, "ಸ್ವಾಂಗ ಹಾಕ್ಕೊಂಡ ಬಂದಾಳ್ರಿ, ಬಿಡಬ್ಯಾಡ್ರಿ ಅಕಿನ್ನ" ಎಂದ. ಇನ್ನೊಬ್ಬ ಮೊಬೈಲು ಎತ್ತಿ ಹಿಡಿದ. ಯಾರೋ ನನ್ನ ರಟ್ಟೆ ಹಿಡಿದರು, ಪುಟ್ಟಿ ಓರೆಯಾಗಿ ಹಿಟ್ಟು ಚೆಲ್ಲಿತು. "ಟೀಚರ್ ಅಂದ್ರ ಯಾವ ಸಾಲಿ ಟೀಚರ್? ಸಾಲಿ ಟೀಚರ್ ಜೋಗ ಬೇಡತಾಳೇನ?" ಎಂದು ಒಬ್ಬ ಹೆಂಗಸು ಕೈ ಬೀಸಿ ಕೇಳಿದಳು. ಪೊಲೀಸಿನವಳು ಮಂದಿಯನ್ನು ಹಿಂದೆ ತಳ್ಳುತ್ತಿದ್ದಳು. ನಾನು ಹೆಸರು, ಊರು, ಶಾಲೆ ಏನು ಬೇಕಾದರೂ ಹೇಳಬಹುದಿತ್ತು. ಅವರ ಅನುಮಾನವಲ್ಲ ನನ್ನ ಬಾಯಿ ಕಟ್ಟಿದ್ದು. ಕೂಸು ಹೇಳಿದ್ದು ಸುಳ್ಳಾಗಿರಲಿಲ್ಲವಲ್ಲ.

ಅಷ್ಟರಲ್ಲಿ ಮಂದಿಯನ್ನು ಸೀಳಿಕೊಂಡು ಅತ್ತೆ ಬಂದರು, ಹಿಂದೆ ಮೌಲಾಸಾಬರು. ಅತ್ತೆಯ ಸೆರಗು ತಲೆಯ ಮೇಲಿರಲಿಲ್ಲ. ನಾನು ಅವರನ್ನು ಹಾಗೆ ಎಂದೂ ಕಂಡಿರಲಿಲ್ಲ. "ಅವ್ವಾ!" ಎಂದು ಸಾನ್ವಿ ಮೇಜಿನಿಂದಲೇ ಹಾರಿ ಅವರ ಕೊರಳಿಗೆ ಜೋತುಬಿದ್ದಳು. ಮಂದಿಗೆ ಸಮಾಧಾನವಾಯಿತು. "ಇಕಿ ನೋಡ್ರಿ ಖರೇ ತಾಯಿ" ಎಂದರು ಯಾರೋ.

"ನೀವು ತಾಯೇನ್ರಿ?" ಎಂದು ಪೊಲೀಸಿನವಳು ಕೇಳಿದಳು.

ಅತ್ತೆ ಕೂಸಿನ ಬೆನ್ನು ಸವರಿದರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅಲ್ರಿ. ನಾ ಆಯಿ. ಹಡದಾಕಿ ಅಕಿ, ನೀವು ಹಿಡಕೊಂಡೀರಲ್ಲ, ಅಕಿ" ಎಂದರು, ಎಲ್ಲರಿಗೂ ಕೇಳುವಂತೆ. "ಅಕಿ ರಟ್ಟಿ ಬಿಡ್ರಿ ಮೊದಲ."

"ಮತ್ತ ಕೂಸು ಟೀಚರ್ ಅಂತೈತಲ್ರಿ?"

"ಹಡದ ಮ್ಯಾಲ ಅಕಿ ಮನಸಿಗೆ ಜಡ್ಡ ಬಂದಿತ್ರಿ. ಕೂಸು ನನ್ನ ಕಡೆ ಬಂತು. ಅಕಿಗೆ ಆರಾಮ ಆತು, ಕೂಸು ನನ್ನ ಕಡೇನ ಉಳೀತು. ಅವ್ವ ಅಂದಾಗ, ನಾ ಅವ್ವ ಅಲ್ಲವಾ, ಆಯಿ ಅನ್ನು, ಅಂತ ನಾ ಹೇಳಬೇಕಿತ್ತು. ಹೇಳಲಿಲ್ಲ. ನನಗ ಹಿತ ಆಗತಿತ್ತು." ಅವರ ದನಿ ಅಲ್ಲಿ ಒಡೆಯಿತು. "ತಪ್ಪ ನಂದು. ಅಕಿನ್ನ ಯಾಕ ನಿಂದರಿಸೀರಿ?"

ಮೊಬೈಲು ಹಿಡಿದವನು ಅದನ್ನು ಕಿಸೆಗೆ ಹಾಕಿಕೊಂಡ. ಮೌಲಾಸಾಬರು ಕೆಳಗೆ ಕೂತು ಚೆಲ್ಲಿದ ಹಿಟ್ಟನ್ನು ಮೇಲುಮೇಲಿಂದ ಬಳಿದು ಪುಟ್ಟಿಗೆ ಹಾಕಿದರು. ನಾನು ನಾಲ್ಕು ಬಿಡಾರದಲ್ಲಿ ಮುಚ್ಚಿಟ್ಟದ್ದನ್ನು ಅತ್ತೆ ಗುಡ್ಡದ ನಡುಮಧ್ಯೆ ಹೇಳಿಬಿಟ್ಟಿದ್ದರು, ಅದೂ ತಮ್ಮ ತಲೆಯ ಮೇಲೆ ಹಾಕಿಕೊಂಡು. ನನಗೆ ದಂಡ ಹಾಕಿದ್ದಾರೆ ಎಂದು ಎರಡು ತಿಂಗಳು ಕುದಿದೆನಲ್ಲ ಎಂದು ನಾಚಿಕೆಯಾಯಿತು. ಅವರ ಮುಖ ನೋಡಲಾರದೆ ಪುಟ್ಟಿಯಲ್ಲಿದ್ದ ಕಲ್ಲು ಆರಿಸುತ್ತ ನಿಂತೆ.

ಆ ಸಂಜೆ ನಮ್ಮ ಮನೆಯವರು ದರ್ಶನ ಮುಗಿಸಿ ಬಂದು ಎಲ್ಲವನ್ನೂ ಕೇಳಿ, ಸೌದೆ ಒಡೆದರು. ಸಾಕಾಗಿ ಮಿಗುವಷ್ಟು ಒಡೆದರು. ಪಕ್ಕದ ಬಿಡಾರದವಳು ಖಾರದ ಪುಡಿ ಮರಳಿಸುವ ನೆಪದಲ್ಲಿ ಬಂದು ನನ್ನನ್ನು ಒಮ್ಮೆ, ಅತ್ತೆಯನ್ನು ಒಮ್ಮೆ ನೋಡಿ, ಏನೂ ಕೇಳದೆ ಹೋದಳು. ಅವಳಂಥವಳೂ ಕೇಳಲಿಲ್ಲವೆಂದರೆ ನಮ್ಮ ಮುಖ ಹೇಗಿದ್ದಿರಬೇಕು.

ಬೆಳಿಗ್ಗೆ ತಾಡಪತ್ರಿ ಮಡಚುವಾಗ ನಾನೇ ಬಾಯಿ ಬಿಟ್ಟೆ. "ಅತ್ತಿ, ಐದನೇ ಬಿಡಾರ ಉಳೀತಲ್ರಿ. ನಾಲ್ಕ ಕಡೆ ನಾ ಖರೇ ಹೇಳಿಲ್ಲ. ಇದೊಂದಾದ್ರೂ ನೆಟ್ಟಗ ಬೇಡಿ ಬರ್ತೇನಿ."

ಅತ್ತೆ ಕೌದಿ ಮಡಚುವುದನ್ನು ನಿಲ್ಲಿಸಲಿಲ್ಲ. "ಎಲ್ಲೂ ಹೋಗಬ್ಯಾಡ. ಐದನೇದು ನಾ ಕೊಡತೇನಿ" ಎಂದರು. ಒಂದು ಹಿಡಿ ಅಕ್ಕಿ ಹಾಕುತ್ತಾರೆಂದು ಪುಟ್ಟಿ ಚಾಚಿದೆ. "ಈಗಲ್ಲ" ಎಂದು ಗಾಡಿ ಹತ್ತಿದರು.

ಗುಡ್ಡ ಇಳಿದ ಮೇಲೆ ಅವರು ಮೌಲಾಸಾಬರಿಗೆ ಮುರಗೋಡದ ಮೇಲೆ ಹಾಯ್ದು ಹೋಗಲು ಹೇಳಿದರು. ತವರಿನವರಿಗೆ ಪ್ರಸಾದ ಕೊಡಲೆಂದು ತಿಳಿದೆವು. ದಾರಿಯುದ್ದಕ್ಕೂ ಜೋಳ ತೆನೆ ಹಿರಿದು ನಿಂತಿತ್ತು, ಸಾನ್ವಿ ಅವರ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಮುರಗೋಡದ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಅತ್ತೆ ಮಲಗಿದ ಕೂಸನ್ನು ಎತ್ತಿ ನನ್ನ ಮಡಿಲಿಗೆ ಹಾಕಿದರು. ತಮ್ಮ ಕೈಚೀಲ ತಗೊಂಡು ಕೆಳಗಿಳಿದರು.

"ಅವ್ವಾ, ಏನಿದು?" ಎಂದರು ನಮ್ಮ ಮನೆಯವರು.

"ನಾಲ್ಕ ದಿನ ಅಣ್ಣನ ಮನ್ಯಾಗ ಇದ್ದ ಬರ್ತೇನಿ. ನಾ ಮನ್ಯಾಗ ಇರೂತನಕ ಅದು ಅಕಿ ಕಡೆ ಹೋಗೂದಿಲ್ಲ." ನನ್ನ ಕಡೆ ತಿರುಗಿದರು. "ರೇಖಾ, ಸಂಜೀಕ ಹಾಲಿಗೆ ಬೆಲ್ಲ ಹಾಕು, ಸಕ್ಕರಿ ಬ್ಯಾಡ. ಅತ್ತರ ಅಂಜಬ್ಯಾಡ, ಬಿಡಬ್ಯಾಡ. ಮೌಲಾಸಾಬ, ಗಾಡಿ ಬಿಡಪಾ."

ಎಚ್ಚರಾದ ಸಾನ್ವಿ ಕಿಟಕಿಯಿಂದ ಅವರು ನಡೆದು ಹೋಗುವುದನ್ನು ಕಂಡಳು. ಅಂಥ ಕಿರುಚಾಟವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನ್ನ ಎದೆಗೆ ಗುದ್ದಿದಳು, ಕೈ ಕಚ್ಚಿದಳು. "ಬಿಡ್ರಿ ಟೀಚರ್, ನಮ್ಮವ್ವ ಹೊಂಟ್ಲು, ಬಿಡ್ರಿ" ಎಂದು ಕಾಲು ಬಡಿದಳು. ಅತ್ತೆಗೆ ಅದು ಕೇಳಿಸದೆ ಇರಲಿಲ್ಲ. ಹಿಂತಿರುಗಲಿಲ್ಲ, ಹೆಜ್ಜೆಯನ್ನು ಜೋರು ಮಾಡಿದರು. ಮೌಲಾಸಾಬರು ಕನ್ನಡಿಯಲ್ಲಿ ನನ್ನನ್ನು ನೋಡಿ, ಕಣ್ಣು ಒರೆಸಿಕೊಂಡು ಗೇರು ಹಾಕಿದರು. ಚೌಕಿಯ ಮುಂದೆ ಮಕ್ಕಳ ಕಳ್ಳಿ ಅನ್ನಿಸಿಕೊಂಡಾಗ ನಾನು ಕಳ್ಳಿಯಾಗಿರಲಿಲ್ಲ. ಆ ಗಾಡಿಯಲ್ಲಿ ಮಾತ್ರ ಯಾರದೋ ಕೂಸನ್ನು ಕದ್ದು ಒಯ್ಯುತ್ತಿದ್ದೇನೆ ಅನ್ನಿಸಿತು. ಆದರೂ ಬಿಡಲಿಲ್ಲ.

ನಾಲ್ಕು ದಿನ ಎಂದವರು ಮುಂದಿನ ತಿಂಗಳ ಭಾರತ ಹುಣ್ಣಿಮೆ ಕಳೆದರೂ ಬರಲಿಲ್ಲ. ಫೋನು ಮಾಡಿದರೆ ತವರಲ್ಲಿ ಕಡಲೆ ಕೀಳುವುದಿದೆ, ಜೋಳದ ರಾಶಿಯಿದೆ ಎನ್ನುತ್ತಿದ್ದರು. ಕೂಸಿನ ಕೈಗೆ ಫೋನು ಕೊಡಬೇಡ ಎನ್ನುತ್ತಿದ್ದರು. ಮೊದಲ ವಾರ ಸಾನ್ವಿ ಉಣ್ಣಲಿಲ್ಲ, ಬಾಗಿಲ ಹತ್ತಿರವೇ ಮಲಗಿದಳು, ನಾನೂ ಅಲ್ಲೇ ಮಲಗಿದೆ. ಆಮೇಲೆ ಒಂದು ದಿನ ಜ್ವರ ಬಂದಾಗ ತಾನಾಗಿ ನನ್ನ ಸೆರಗು ಹಿಡಿದಳು. ಕರೆಯುವುದು ಯಾವಾಗ ಬದಲಾಯಿತೋ ಹೇಳಲಾರೆ. ಪಾಠಕ್ಕೆ ಬರುವ ಹುಡುಗಿಯೊಬ್ಬಳು "ಟೀಚರ್" ಎಂದಾಗ ಸಾನ್ವಿ ಸಿಟ್ಟಿನಿಂದ "ಟೀಚರ್ ಅಲ್ಲ, ನಮ್ಮವ್ವ" ಎಂದಳು. ನಾನು ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಯುಗಾದಿಯ ಹಿಂದಿನ ದಿನ ಅತ್ತೆ ಬಂದರು. ಹೇಳದೆ ಕೇಳದೆ ಬಸ್ಸಿಗೆ ಬಂದಿದ್ದರು; ಬಿಸಿಲಿಗೆ ಕಪ್ಪಾಗಿ, ಸ್ವಲ್ಪ ಇಳಿದುಹೋಗಿದ್ದರು. ಅಂಗಳದಲ್ಲಿ ಆಡುತ್ತಿದ್ದ ಸಾನ್ವಿ ಅವರನ್ನು ಕಂಡು ಖುಷಿಯಿಂದ ಕುಣಿದಳು. ಅವರ ಕಡೆ ಓಡಲಿಲ್ಲ, ಒಳಗೆ ನನ್ನ ಕಡೆ ಓಡಿ ಬಂದಳು.

"ಅವ್ವಾ, ಅವ್ವಾ, ಆಯಿ ಬಂದ್ಲು!"

ಹೊಸ್ತಿಲಲ್ಲಿ ನಿಂತಿದ್ದ ಅತ್ತೆಗೆ ಅದು ಕೇಳಿಸಿತು. ಕೈಚೀಲ ಕೆಳಗಿಟ್ಟು ನಕ್ಕರು. "ಹೌದವಾ, ಆಯಿ ಬಂದ್ಲು. ಚೊಲೋ ಅಂದಿ" ಎಂದರು. ಆಮೇಲೆ ಕಾಲು ತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ನೀರು ಸುರಿಯುವ ಸಪ್ಪಳ ಕೇಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ನಾನು ಟವೆಲ್ ಹಿಡಿದು ಹಿತ್ತಲ ಬಾಗಿಲ ಒಳಗೆ ನಿಂತಿದ್ದೆ. ಅವರ ಮುಂದೆ ಹೋಗಿ ನಿಲ್ಲುವ ಮುಖ ನನಗಿರಲಿಲ್ಲ.